ಬರೆಯಲು ಬಿಡದ ಪೆಟ್ಟಿಗೆ

ಡಿಸ್ಕನ್ನು ಮೇಜಿನ ಮೇಲೆ ಇಡುವ ಮುನ್ನವೇ ಭಾವುಸಾಹೇಬರು ಕೇಳಿದರು.

"ಇದರಾಗಿಂದು ಅಳಸಬೇಕಂದ್ರ ಎಷ್ಟೊತ್ತು ಬೇಕ ತಂಗಿ?"

ಸನ್ಮತಿ ಕೀಲಿಮಣೆಯಿಂದ ಕೈ ತೆಗೆದಳು. ಚಿಕ್ಕೋಡಿಯ ಕೋರ್ಟಿನ ಎದುರು ಅವಳದು ಸಣ್ಣ ಕಂಪ್ಯೂಟರ್ ಅಂಗಡಿ. ವಕೀಲರು ಕಳಿಸಿದ ಡಿಸ್ಕುಗಳಿಗೆ ಒಂದಕ್ಷರ ಆಚೀಚೆಯಾಗದಂತೆ ಪ್ರತಿ ತೆಗೆದುಕೊಡುವುದು ಅವಳ ಕಸಬು. ಭಾವುಸಾಹೇಬರ ವಿಷಯ ಅವಳಿಗೆ ಹೊಸದಲ್ಲ. ವಕೀಲರ ಬಳಿ ಬಂದಾಗಲೆಲ್ಲ ಕೆಂಪವ್ವ ಅಂಗಡಿಯ ಇದೇ ಬೆಂಚಿನ ಮೇಲೆ ಕುಳಿತು ಅತ್ತು ಹೋಗುತ್ತಿದ್ದಳು.

ಕೆಂಪವ್ವನ ಗಂಡ ಮಲಕಾರಿ ಕಬ್ಬೂರಿನಲ್ಲಿ ಹಾಲಿನ ಪಿಕಪ್ ಓಡಿಸುತ್ತಿದ್ದ. ಹನ್ನೊಂದು ತಿಂಗಳ ಹಿಂದೆ, ಒಂದು ಮುಂಜಾನೆ, ಭಾವುಸಾಹೇಬರ ಹೆಂಡತಿ ಮಂಗಲಾಬಾಯಿ ಮನೆಯ ಗೇಟಿನ ಮುಂದೆ ರಕ್ತದಲ್ಲಿ ಬಿದ್ದಿದ್ದಳು. ಕಂಡೆ, ಎತ್ತಿಕೊಂಡು ದವಾಖಾನೆಗೆ ಒಯ್ದೆ ಎಂದ ಮಲಕಾರಿ. ಅವನೇ ಅವಳ ಮೇಲೆ ಗಾಡಿ ಹಾಯಿಸಿದ ಎಂದಿತು ಊರು. ಗಾಡಿಯ ತುಂಬ ರಕ್ತವಿತ್ತು. ಮಂಗಲಾಬಾಯಿ ಮಾತಾಡದೆಯೇ ತೀರಿಹೋದಳು. ಮನೆಯ ಕ್ಯಾಮರಾ ಕೆಟ್ಟಿದೆ ಎಂದು ಭಾವುಸಾಹೇಬರು ಪೊಲೀಸರಿಗೆ ಹೇಳಿದ್ದರು.

"ಕ್ಯಾಮರಾ ಕೆಡೂದಿಲ್ರಿ ಅಕ್ಕಾರ, ಮನಿಷಾರ ಮನಸ್ಸ ಕೆಡತಾವ" ಎಂದಿದ್ದಳು ಕೆಂಪವ್ವ. ಅದೇ ಕ್ಯಾಮರಾದ ಡಿಸ್ಕು ಈಗ ಇಲ್ಲಿತ್ತು, ಜೈನರ ಮನೆಗಳಲ್ಲಿ ನೀರು ಸೋಸುವ ಬಿಳಿ ಬಟ್ಟೆಯಲ್ಲಿ ಸುತ್ತಿಕೊಂಡು. ನಾಳೆ ಕೋರ್ಟಿನಲ್ಲಿ ಭಾವುಸಾಹೇಬರ ಸಾಕ್ಷಿ. ಅದು ಮುಗಿದರೆ ಮಲಕಾರಿಗೆ ಜೈಲು ತಪ್ಪದು.

ಯಾವಾಗ ತೆಗೆದಿಟ್ಟಿರೆಂದು ಸನ್ಮತಿ ಕೇಳಿದಳು. ದಹನ ಮಾಡಿ ಬಂದ ಸಂಜೆಯೇ ಎಂದರು. ಹೆಂಡತಿಯ ಬೂದಿ ಆರುವ ಮೊದಲು ಡಿಸ್ಕು ಕೀಳುವ ಗಂಡ ಎಂಥವನೋ ಎಂದುಕೊಂಡಳು. ಆದರೆ ಮನುಷ್ಯ ಸೊರಗಿದ್ದರು. ಒಪ್ಪೊತ್ತು ಉಣ್ಣುತ್ತಾರೆ, ಮನೆಯಲ್ಲಿ ಕಾರಿದ್ದರೂ ಆ ದಿನದಿಂದ ಹತ್ತಿಲ್ಲ ಎಂದು ಊರೆಲ್ಲ ಮರುಗುತ್ತಿತ್ತು. ಇವತ್ತೂ ಬಸ್ಸಿಗೇ ಬಂದಿದ್ದರು.

ಅವಳು ಎರಡು ಸಾಮಾನು ಮುಂದಿಟ್ಟಳು. ಒಂದು ಸಾದಾ ಡಾಕ್. ಡಿಸ್ಕನ್ನು ಅದರಲ್ಲಿ ಸಿಕ್ಕಿಸಿದರೆ ಕೆಲಸ ಬೇಗ. ಆದರೆ ಕಂಪ್ಯೂಟರು ಕೇಳದೆ ಡಿಸ್ಕಿನಲ್ಲಿ ತನ್ನ ಗುರುತು ಬರೆಯುತ್ತದೆ, ಎದುರಿನ ವಕೀಲ ಅದನ್ನೇ ಹಿಡಿದು ಸಾಕ್ಷ್ಯವನ್ನು ಕೆಡವುತ್ತಾನೆ. ಒಂದು ಗುಂಡಿ ಒತ್ತಿದರೆ ಎಲ್ಲ ಅಳಿಸಲೂ ಬರುತ್ತದೆ. ಇನ್ನೊಂದು ರೈಟ್ ಬ್ಲಾಕರ್ ಎಂಬ ಪುಟ್ಟ ಪೆಟ್ಟಿಗೆ, ಅವಳಿಗೆ ಈ ಕಸಬು ಕಲಿಸಿದ ಕೊಲ್ಲಾಪುರದ ಗುರುಗಳಿಂದ ಎರವಲು ತಂದದ್ದು. ಡಿಸ್ಕಿಗೂ ಕಂಪ್ಯೂಟರಿಗೂ ನಡುವೆ ಅದನ್ನು ಕೂರಿಸಿದರೆ ಓದಲಷ್ಟೇ ಬಿಡುತ್ತದೆ, ಬರೆಯಲು ಬಿಡುವುದಿಲ್ಲ.

ಭಾವುಸಾಹೇಬರು ಪೆಟ್ಟಿಗೆಯನ್ನು ಸವರಿದರು. "ನೀರ ಸೋಸಿದಂಗ. ನೀರ ಬರತೈತಿ, ಜೀವಕ್ಕ ಧಕ್ಕಿ ಇಲ್ಲ."

ಅಷ್ಟರಲ್ಲಿ ಅವರ ಫೋನು ಬಡಿದುಕೊಂಡಿತು. ಕಿವಿ ಮಂದವೆಂದು ಸದ್ದು ಹೆಚ್ಚಿಗೆ ಇಟ್ಟಿದ್ದರು. ಮಗ ಜಿನೇಂದ್ರನ ದನಿ ಅಂಗಡಿಗೆಲ್ಲ ಕೇಳಿಸಿತು.

"ಅಪ್ಪಾಜಿ, ಎಲ್ಲಿ ಅದೀರಿ? ಡಿಸ್ಕ ಎಲ್ಲೈತಿ? ಅಳಸೂನು ಅಂದಿದ್ನೆಲ್ರಿ. ಮನಿ ಮರ್ಯಾದಿ ಐತಿ."

ಅವರು ಫೋನು ಬಂದ್ ಮಾಡಿದರು. ಸನ್ಮತಿಗೆ ಎಲ್ಲ ತಿಳಿದುಹೋಯಿತು. ಹಾಯಿಸಿದವನು ಮಗನೇ.

"ಪೆಟ್ಟಿಗೀನ ಹಚ್ಚ ತಂಗಿ," ಎಂದರು. "ನಾನ ಬಂದ ಕಾಲ ಬಿದ್ರೂ ಅಳಸಾಕ ಬರಬಾರದು."

"ಯಾರ ಅಂಜಿಕಿ ಕಾಕಾ?"

"ಮನ್ಯಾಗ ಒಬ್ಬಾಂವ ಅದಾನ. ಭಾಳ ಹತ್ತರದಾಂವ. ಹನ್ನೊಂದ ತಿಂಗಳಾತು, ದಿನಾ ಅಳಸಾಕ ಕುಂಡ್ರತಾನ, ಏಳತಾನ."

ಸನ್ಮತಿಯ ಕಣ್ಣು ತುಂಬಿತು. ಹೆಂಡತಿಯನ್ನು ಚಿತೆಗೆ ಕೊಟ್ಟವರು ಈಗ ಮಗನನ್ನು ಕೋರ್ಟಿಗೆ ಕೊಡಲು ಬಂದಿದ್ದರು. ಅವರ ಮೇಲೆ ಅನುಮಾನಪಟ್ಟದ್ದಕ್ಕೆ ಮನಸ್ಸಿನಲ್ಲೇ ಕ್ಷಮೆ ಬೇಡಿದಳು.

ಹಳೆಯದಕ್ಕಿಂತ ದೊಡ್ಡದಾದ ಎರಡು ಹೊಸ ಡಿಸ್ಕು ತೆಗೆದಳು. ಒಂದು ಕೋರ್ಟಿಗೆ, ಇನ್ನೊಂದು ಕೆಂಪವ್ವನ ಕೈಗೆ ಕೊಡು ಎಂದರು. ಕೆಲಸ ನಾಲ್ಕು ತಾಸು ಹಿಡಿಯಿತು. ಅವರು ಜಪಮಾಲೆ ಎಣಿಸುತ್ತ ಕುಳಿತರು. ಹೊತ್ತು ಮುಳುಗಿದ ಮೇಲೆ ಅವರು ಏನೂ ಮುಟ್ಟುವವರಲ್ಲ, ಅದಕ್ಕೆ ಮುಂಚೆಯೇ ನೀರಾದರೂ ಕುಡಿಯಿರೆಂದು ಬೇಡಿದಳು. ಬೇಡವೆಂದು ತಲೆ ಅಲ್ಲಾಡಿಸಿದರು.

ಕೊನೆಗೆ ಯಂತ್ರವು ಮೂರಕ್ಕೂ ಒಂದೊಂದು ಉದ್ದನೆಯ ಅಂಕಿ ತೋರಿಸಿತು. ಮೂರೂ ಒಂದೇ. ಮನುಷ್ಯನಿಗೆ ಬೆರಳಚ್ಚು ಹೇಗೋ ಡಿಸ್ಕಿಗೆ ಅದು ಹಾಗೆ ಎಂದು ತಿಳಿಸಿ ಹೇಳಿದಳು. ಇನ್ನು ಯಾರೂ ಬದಲಿಸಿ ದಕ್ಕಿಸಿಕೊಳ್ಳಲಾರರು.

"ಖಾತ್ರಿ ಮಾಡಕೊ ತಂಗಿ" ಎಂದು ಅವರು ಗೋಡೆಯ ಕಡೆ ತಿರುಗಿದರು.

ಪ್ರತಿಯನ್ನು ಹಚ್ಚಿ ಆ ದಿನದ ದೃಶ್ಯ ತೆರೆದಳು. ಬೆಳಗಿನ ಆರೂವರೆ. ಗೇಟಿನ ಬಳಿ ಮಂಗಲಾಬಾಯಿ ಬಾಗಿ ರಂಗೋಲಿ ಎಳೆಯುತ್ತಿದ್ದಳು. ಅಂಗಳದಲ್ಲಿ ಮನೆಯ ಕಾರು, ಅದರ ಬೆನ್ನು ಅವಳ ಬೆನ್ನಿಗೆ. ಪಿಕಪ್ ಇನ್ನೂ ಎಲ್ಲೂ ಇರಲಿಲ್ಲ. ಒಳಗಿನಿಂದ ಯಾರೋ ಕೀಲಿ ಹಿಡಿದು ಬಂದರು. ಜಿನೇಂದ್ರನ ಮುಖ ಕಾಣಲೆಂದು ಸನ್ಮತಿ ಪರದೆಗೆ ಬಾಗಿದಳು.

"ಗಾಲಿಗೆ ಕಲ್ಲ ಸಿಕ್ಕಂಗ ಆತ ತಂಗಿ," ಭಾವುಸಾಹೇಬರು ಗೋಡೆ ನೋಡುತ್ತಲೇ ಅಂದರು, "ನಾ ಇಳದ ನೋಡಲಿಲ್ಲ."