ಬಿಡಬೇಕಾದ ಮಾರ್ಗಗಳು

“ಹನ್ನೊಂದನೇ ನಂಬರ್ ಬಸ್ ನಿಲ್ಲಿಸಿಬಿಟ್ರು. ನಾನಿದ್ದಾಗ ಒಂದು ದಿನ ನಿಂತಿರ್ಲಿಲ್ಲ. ಈಗ ಹೇಳೋರು ಕೇಳೋರು ಯಾರೂ ಇಲ್ಲ” ಎಂದು ಮಾವ ಅರ್ಧ ಉಂಡ ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು.

ಕೆಲಸದಲ್ಲಿದ್ದಷ್ಟು ಕಾಲ ಡಿಪೋ ಗೇಟಿನಲ್ಲಿ ನಿಂತು ಬಸ್ಸುಗಳನ್ನು ಹೊರಡಿಸುತ್ತಿದ್ದವರು ಅವರು. ಈಗ ಮಗ ಕೊಡಿಸಿದ ಫೋನಿನಲ್ಲಿ ಹನ್ನೊಂದು ಕಾಣುತ್ತಲೇ ಇರಲಿಲ್ಲ. ಅದು ಹೇಳಿದಂತೆ ಎರಡು ಕಡೆ ಇಳಿದು ಹತ್ತಿ ಆಸ್ಪತ್ರೆ ಸೇರುವಷ್ಟರಲ್ಲಿ ರೋಗಿಗಳನ್ನು ನೋಡುವ ಹೊತ್ತು ಮುಗಿದಿರುತ್ತಿತ್ತು. ಬಾಗಿಲಲ್ಲೇ ನಿಂತು ಮುಖ ತೋರಿಸಿ ವಾಪಸು. ಸೊಂಟ ಮುರಿದುಕೊಂಡು ಅಲ್ಲಿ ಮಲಗಿದ್ದ ಅತ್ತೆಗೆ, ಬಸ್ ನಿಲ್ಲಿಸಿದ್ದಾರೆ ಎಂದು ಇವರು ದಿನಾ ಹೇಳುತ್ತಿದ್ದರು. ಅತ್ತೆ ಈಚೆಗೆ ಹೂಂ ಅನ್ನುವುದನ್ನೂ ಬಿಟ್ಟಿದ್ದರು. ಮಾವನಿಗೆ ಊಟ ಸೇರದಿದ್ದುದು ಅದಕ್ಕೇ.

“ಡಿಪೋಗೆ ಒಂದು ಫೋನ್ ಮಾಡಿ ಕೇಳಬಹುದಲ್ಲ ಮಾವ?” ಎಂದಳು ಸೊಸೆ.

“ಏನಂತ ಕೇಳ್ಲಿ? ನನ್ನ ಜೊತೆ ನನ್ನ ಬಸ್ಸಿಗೂ ರಿಟೈರ್‌ಮೆಂಟ್ ಕೊಟ್ರಾ ಅಂತಾನಾ?”

ಸೊಸೆ ಮಾವನ ಫೋನು ತೆಗೆದುಕೊಂಡು ಬಸ್ಸಿನ ದಾರಿ ಹುಡುಕುವ ಆ್ಯಪ್ ತೆರೆದಳು. ಸೆಟ್ಟಿಂಗ್ಸ್‌ನಲ್ಲಿ ‘ಇಷ್ಟದ ಮಾರ್ಗಗಳು’ ಖಾಲಿ ಇತ್ತು. ಅದರ ಕೆಳಗೆ ‘ಬಿಡಬೇಕಾದ ಮಾರ್ಗಗಳು’. ಅಲ್ಲಿ ಹನ್ನೊಂದು ಒಂದೇ ಕೂತಿತ್ತು.

“ಇದನ್ನ ಇಲ್ಲಿ ಹಾಕಿದ್ದು ಯಾರು ಮಾವ?”

“ನಾನೇ. ಯಾವ ಬಸ್ ಬಿಡಬೇಕು ಅಂತ ಕೇಳಿದಾರಲ್ಲ. ಹನ್ನೊಂದನ್ನ ಬಿಡಲೇಬೇಕು, ಇಲ್ದಿದ್ರೆ ಆಸ್ಪತ್ರೆಗೆ ಹೋಗೋ ಜನ ಏನು ಮಾಡ್ಬೇಕು?”

ಸೊಸೆ ನಗು ತಡೆದುಕೊಂಡಳು. “ಡಿಪೋದಿಂದ ಬಸ್ ಬಿಡೋದಲ್ಲ ಮಾವ. ಈ ಬಸ್ ನಮಗೆ ಬೇಡ, ಬಿಟ್ಟುಬಿಡು ಅಂತ. ನೀವು ಬಿಡು ಅಂದ್ರಿ, ಅದು ಬಿಟ್ಟೇಬಿಡ್ತು.”

ಮಾವ ಫೋನು ಇಸಿದುಕೊಂಡು ಆ ಸಾಲನ್ನು ಮತ್ತೊಮ್ಮೆ ಓದಿದರು. “ನೆಟ್ಟಗೆ ‘ಬೇಡದ್ದು’ ಅಂತ ಬರೆಯೋಕೆ ಏನು ಬಂದಿತ್ತು ಅವರಿಗೆ?”

ಅವಳು ಹನ್ನೊಂದನ್ನು ಅಲ್ಲಿಂದ ತೆಗೆದು ಇಷ್ಟದ ಮಾರ್ಗಗಳಿಗೆ ಸೇರಿಸಿದಳು. ಫೋನು ಈಗ ಒಂದೇ ಬಸ್ಸು ತೋರಿಸಿತು. ಹಿಂದಿನ ಬೀದಿಯಲ್ಲಿ ಹತ್ತಿದರೆ ಆಸ್ಪತ್ರೆಯ ಹಿಂದಿನ ಗೇಟಿನಲ್ಲಿ ಇಳಿಯುವುದು, ಅಷ್ಟೇ.

ಮರುದಿನ ಇಬ್ಬರೂ ಹೊತ್ತಿಗೆ ಮುಂಚೆಯೇ ತಲುಪಿದರು. ಮಾವ ಮಂಚದ ಪಕ್ಕ ಕುರ್ಚಿ ಎಳೆದುಕೊಂಡು, ನಡೆದದ್ದನ್ನೆಲ್ಲ ಒಂದೂ ಬಿಡದೆ ಹೇಳಿದರು. “ಬಸ್ ನಿಂತಿರ್ಲಿಲ್ಲ ಕಣೇ. ಎಡವಟ್ಟು ಮಾಡ್ಕೊಂಡಿದ್ದು ನಾನೇ.”

“ನಿಂತಿಲ್ಲ ಅಂತ ನನಗೆ ಗೊತ್ತಿತ್ತು” ಎಂದರು ಅತ್ತೆ. “ದಿನವಿಡೀ ಈ ಕಿಟಕಿ ಕೆಳಗೇ ಓಡಾಡುತ್ತೆ. ಇಳಿಯೋರಲ್ಲಿ ನೀವಿದೀರಾ ಅಂತ ನೋಡ್ತಿದ್ದೆ.”

“ಮತ್ತೆ ಹೇಳ್ಲಿಲ್ಲ ಯಾಕೆ?”

ಅತ್ತೆ ಹೊದಿಕೆಯ ಅಂಚು ಸರಿಮಾಡಿಕೊಂಡರು. “ಹೇಳಿದ್ರೆ ನೀವು ಬೇರೆ ನೆಪ ಹುಡುಕಬೇಕಾಗ್ತಿತ್ತು. ಇದೇ ಇರಲಿ ಅಂತ ಸುಮ್ನಿದ್ದೆ.”