ಸಂಜೆ ರೈಲಿನ ಹೊತ್ತು

ತಂಗಿ ಗುಬ್ಬಿ ಬಂದು ಕೂತಳು. ಕೂತದ್ದು ಮಾತ್ರ ಬೆಂಚಿನ ಆ ತುದಿಯಲ್ಲಿ, ಇನ್ನೇನು ಜಾರಿ ಬೀಳುತ್ತಾಳೆ ಎನ್ನುವಷ್ಟು ಅಂಚಿನಲ್ಲಿ. ಅಕ್ಕನಿಗೆ ಅಷ್ಟೇ ಸಾಕಾಗಿತ್ತು. ಹಳಿ ಕಿತ್ತು, ಮುಳ್ಳುತಂತಿ ತೆಗೆದು, ಜನ ಅಡ್ಡಾಡಲು ಕಾಲುದಾರಿ ಮಾಡಿದಂದಿನಿಂದ ಅವಳು ಪ್ರತಿ ಸಂಜೆ ಹೊಲಿಗೆ ಯಂತ್ರ ಮುಚ್ಚಿಟ್ಟು, ಫ್ಲಾಸ್ಕು ಮತ್ತು ಎರಡು ಗಾಜಿನ ಲೋಟ ಹಿಡಿದು ಇಲ್ಲಿ ಬಂದು ಕೂರುತ್ತಿದ್ದಳು. ಈಚೆ ಅವಳ ಹಿತ್ತಿಲ ಬಾಗಿಲು, ಆಚೆ ತಂಗಿಯ ಹಿತ್ತಿಲ ಬಾಗಿಲು. ಮಾತು ಬಿಟ್ಟವರಿಗೆ ನಡುವೆ ಹಾದುಹೋಗುವ ರೈಲುಹಳಿಯಂಥ ಒಳ್ಳೆಯ ನೆಪ ಇನ್ನೊಂದಿಲ್ಲ. ಅಮ್ಮ ತೀರಿಹೋದ ಸ್ವಲ್ಪ ಕಾಲಕ್ಕೆ ರೈಲು ನಿಂತಿತು. ಈಗ ಆ ನೆಪವನ್ನೂ ಪುರಸಭೆಯವರು ಲಾರಿಗೆ ತುಂಬಿಕೊಂಡು ಹೋಗಿದ್ದರು.

"ಟೀ ತಗೋ. ಸಕ್ಕರೆ ನಿಂಗೆ ಬೇಕಾದಷ್ಟು ಹಾಕಿದೀನಿ."

ತಂಗಿ ಲೋಟ ಹಿಡಿದುಕೊಂಡಳು, ಕುಡಿಯಲಿಲ್ಲ. "ಟೀ ಕುಡಿಯೋಕೆ ಬಂದಿಲ್ಲ. ಒಂದು ಮಾತು ಕೇಳಿ ಹೋಗ್ತೀನಿ. ಅಮ್ಮ ಹೋಗೋ ಹೊತ್ತಲ್ಲಿ ನನ್ನನ್ಯಾಕೆ ಕರೀಲಿಲ್ಲ?"

"ಕರೆದೆ ಕಣೇ. ಅವತ್ತೂ ಅದನ್ನೇ ಹೇಳಿದೆ. ಹಿತ್ತಿಲಿಗೆ ಓಡಿಬಂದು ಕೂಗಿದೆ. ಸಂಜೆ ರೈಲು ಹೋಗ್ತಿತ್ತು, ನಿಂಗೆ ಕೇಳಿಸ್ಲಿಲ್ಲ."

"ಸುಳ್ಳು!" ತಂಗಿ ಲೋಟವನ್ನು ಬೆಂಚಿನ ಮೇಲೆ ಕುಕ್ಕಿದಳು. "ನಮ್ಮನೇಲಿ ರೈಲು ಹೋಗುವಾಗ ಯಾವತ್ತಾದ್ರೂ ಯಾರಾದ್ರೂ ಬಾಯಿ ಬಿಟ್ಟಿದ್ದುಂಟಾ? ಉಪ್ಪು ಬೇಕಿದ್ರೂ ಅದು ದಾಟೋವರೆಗೆ ಸುಮ್ನಿರ್ತಿದ್ವಿ. ನೀನು ಕೂಗಿದ್ಯಂತೆ! ನಂಬೋ ಹಾಗಾದ್ರೂ ಹೇಳು."

ತಂಗಿ ಹೇಳಿದ್ದು ನಿಜವೇ. ರೈಲು ಬಂತೆಂದರೆ ಆ ಮನೆಯ ಗೋಡೆ ಅದುರುತ್ತಿತ್ತು. ಮಾತು ಎಲ್ಲಿತ್ತೋ ಅಲ್ಲಿಗೇ ನಿಲ್ಲಿಸಿ, ಗಡಗಡ ಎನ್ನುವ ಲೋಟಗಳ ಮೇಲೆ ಕೈಯಿಟ್ಟು ಕಾಯಬೇಕು. ಅಮ್ಮ ಬೈಯುತ್ತಿದ್ದರೂ ಅಷ್ಟೇ. ರೈಲು ದಾಟಿದ ಮೇಲೆ, ಬಿಟ್ಟ ಜಾಗದಿಂದಲೇ ಬೈಗುಳ ಮುಂದುವರಿಸುತ್ತಿದ್ದಳು. ಸಂಜೆ ರೈಲಿಗಂತೂ ಗಡಿಯಾರವೇ ಬೇಕಿರಲಿಲ್ಲ. ಕಾರ್ಖಾನೆಯ ಸೈರನ್ ಕೂಗಿದ ಬೆನ್ನಿಗೇ ಅದು ಬರುತ್ತಿತ್ತು.

"ನಂಗೆಲ್ಲ ಗೊತ್ತು," ತಂಗಿಯ ದನಿ ಏರಿತು. "ಅಮ್ಮ ನಿನ್ನೊಬ್ಬಳಿಗೇ ಅಮ್ಮ ಅಂದ್ಕೊಂಡು ನೀನು..."

ಕಾರ್ಖಾನೆಯ ಸೈರನ್ ಕೂಗಿತು.

ತಂಗಿಯ ಮಾತು ಅಲ್ಲಿಗೇ ನಿಂತಿತು. ಅಕ್ಕನೂ ತುಟಿ ಬಿಗಿದಳು. ಇಬ್ಬರ ಕೈಗಳೂ ತಾವಾಗಿಯೇ ಚಾಚಿ, ಬೆಂಚಿನ ಮೇಲಿದ್ದ ಲೋಟಗಳ ಬಾಯಿ ಮುಚ್ಚಿದವು. ನೆಲ ಅದುರಲಿಲ್ಲ, ಬರಲು ರೈಲೇ ಇರಲಿಲ್ಲ. ಸೈಕಲ್ಲಿನವಳೊಬ್ಬಳು ಬೆಲ್ಲು ಬಾರಿಸುತ್ತ ಹಾದುಹೋದಳು. ಆದರೂ ಇಬ್ಬರೂ ಕೈ ತೆಗೆಯದೆ ಕಾದರು.

ಅಕ್ಕ ತಂಗಿಯ ಕೈ ನೋಡಿದಳು. ಇಸ್ತ್ರಿಪೆಟ್ಟಿಗೆ ಹಿಡಿದು ಹಿಡಿದು ಬೆರಳುಗಳು ಗಂಟುಗಂಟಾಗಿದ್ದವು. ಇಷ್ಟು ವರ್ಷ ಹೇಳಿ ಹೇಳಿ ಸಾಕಾದದ್ದನ್ನು ಇನ್ನೊಮ್ಮೆ ಹೇಳಿ ಏನು ಪ್ರಯೋಜನ? ಅವಳು ಎದ್ದು, ತಂಗಿಯ ಹಿತ್ತಿಲ ಬಾಗಿಲಿನತ್ತ ತಿರುಗಿ ನಿಂತಳು. ರೈಲಿನ ಹೊತ್ತಿನಲ್ಲಿ ಜನ್ಮಕ್ಕೆ ಒಂದೇ ಸಲ ತೆರೆದಿದ್ದ ಬಾಯನ್ನು ಮತ್ತೆ ತೆರೆದಳು.

"ಗುಬ್ಬೀ! ಅಮ್ಮ ನಿನ್ನನ್ನೇ ಕೇಳ್ತಿದಾಳೆ ಕಣೇ, ಬೇಗ ಬಾರೇ!"

ದಾರಿಯಲ್ಲಿ ನಡೆಯುತ್ತಿದ್ದವರು ಬೆಚ್ಚಿಬಿದ್ದು ನಿಂತರು. ತಂಗಿಯ ಅಂಗೈ ಕೆಳಗೆ ಲೋಟ ಗಡಗಡ ನಡುಗತೊಡಗಿತು.

"ಬಂದೆ ಅಕ್ಕಾ," ಎಂದಳು.