ತಣ್ಣಗಾದ ವೇದಿಕೆ

ಕ್ಯಾನ್ಸರಿನಿಂದ ದನಿ ಕಳೆದುಕೊಂಡವರು ಬರೆದಾದರೂ ಮಾತಾಡಿಕೊಳ್ಳಲಿ ಎಂದು ಸುಮಂಗಲಾ ಅಂತರ್ಜಾಲದಲ್ಲಿ ಒಂದು ಚರ್ಚಾ ವೇದಿಕೆ ನಡೆಸುತ್ತಿದ್ದಳು. ನಾಟಿ ಮದ್ದು ಮಾರುವವರು ಅದರೊಳಗೆ ನುಗ್ಗಿದರು, ಬೈದಾಟ ಶುರುವಾಯಿತು. ರೋಸಿಹೋದ ಅವಳು, ತಾನು ಓದಿ ಒಪ್ಪಿದ ಬರಹ ಮಾತ್ರ ಉಳಿದವರಿಗೆ ಕಾಣುವಂತೆ ಮಾಡಿದಳು. ಜಗಳ ನಿಂತಿತು. ಬರಬರುತ್ತಾ ಮಾತೂ ನಿಂತಿತು. ಎಲ್ಲರೂ ವಾಟ್ಸಾಪಿಗೆ ಹೋಗಿರಬೇಕು ಎಂದುಕೊಂಡು ಅವಳೂ ಅತ್ತ ಸುಳಿಯುವುದನ್ನು ಬಿಟ್ಟಳು.

ವೇದಿಕೆಯ ಹಳೆಯ ಸದಸ್ಯ ಶಾಂತವೀರಪ್ಪ ತೀರಿಕೊಂಡ ಸುದ್ದಿ ತಿಳಿದು ಅವರ ಮನೆಗೆ ಹೋದಳು.

"ಬೆಳಿಗ್ಗೆ ಕಾಫಿಗೂ ಮುಂಚೆ ಅಲ್ಲಿ ಬರೀತಿದ್ರು. ಒಬ್ಬರಾದ್ರೂ ಉತ್ತರ ಕೊಡಬಾರದಿತ್ತೇನಮ್ಮ?" ಎಂದರು ಅವರ ಹೆಂಡತಿ.

"ಅವರೇ ಬರೆಯೋದು ಬಿಟ್ಟಿದ್ರಲ್ಲಮ್ಮ."

"ಬಿಟ್ಟಿದ್ರಾ? ಹೋಗೋ ಹಿಂದಿನ ದಿನಾನೂ ಬರೆದಿದ್ದಾರೆ." ಆಕೆ ಗಂಡನ ಫೋನನ್ನು ತೆರೆದು ಕೈಗಿಟ್ಟರು.

'ಇವತ್ತು ಗಂಜಿ ಇಳಿಯಿತು.'

'ಮಲಗಿದರೆ ಉಸಿರು ಕಟ್ಟುತ್ತದೆ. ನಿಮಗೂ ಹೀಗಾಗಿತ್ತಾ?'

'ಯಾರಾದರೂ ಇದ್ದೀರಾ?'

ಒಂದೊಂದರ ಕೆಳಗೂ, ಮಸುಕಾದ ಸಣ್ಣ ಅಕ್ಷರಗಳಲ್ಲಿ, ಅದೇ ಸಾಲು: ನಿರ್ವಾಹಕರ ಒಪ್ಪಿಗೆಗಾಗಿ ಕಾಯುತ್ತಿದೆ.